ಸಭೆಗೆ ಪರವಾನಗಿ, ಮಾತಿಗೆ ಬಂದೋಬಸ್ತ್

ಹೈದರಾಬಾದ್ ಮತ್ತು ಸಿಕಂದರಾಬಾದ್ ಜೋಡಿನಗರಗಳಲ್ಲಿ ಸಾರ್ವಜನಿಕ ಸಭೆಗಳ ಮೇಲೆ ಪೊಲೀಸ್ ಕಮಿಷನರಿಗಿರುವ ಅಧಿಕಾರದ ಬೇರು ಹೈದರಾಬಾದ್ ನಗರ ಪೊಲೀಸ್ ಕಾಯ್ದೆಯಲ್ಲಿದೆ. ಕಾಯ್ದೆಯ ಇಸವಿ ಫಸಲಿ 1348, ಎಂದರೆ ಕ್ರಿ.ಶ. 1938-39. ನಿಜಾಮ ಸರ್ಕಾರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಿ ಸತ್ಯಾಗ್ರಹಿಗಳನ್ನು ಜೈಲಿಗಟ್ಟಿದ ಕಾಲವೂ ಅದೇ. ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಮತ್ತು 2014ರಲ್ಲಿ ರಾಜ್ಯದ ಗಡಿಗಳೇ ಬದಲಾದವು. ಕಾಯ್ದೆ ಮಾತ್ರ ಉಳಿದುಕೊಂಡಿದೆ.

ಅದಕ್ಕೂ ಮೊದಲು ಸಂಸ್ಥಾನದಲ್ಲಿ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಜಾರಿಯಲ್ಲಿತ್ತು. ಸರ್ಕಾರದ ಮುಂಗಡ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. ರಾಜಕೀಯ ಸಭೆಗಳ ಮೇಲಿನ ಇಂಥ ನಿರ್ಬಂಧಗಳಿಂದಾಗಿ ಹೈದರಾಬಾದ್ ಸಂಸ್ಥಾನದ ರಾಜಕೀಯ ಪರಿಷತ್ತುಗಳು ಸಂಸ್ಥಾನದ ಹೊರಗೇ ನಡೆದವು: 1923ರಲ್ಲಿ ಕಾಕಿನಾಡ, 1926ರಲ್ಲಿ ಮುಂಬಯಿ, 1928ರಲ್ಲಿ ಪುಣೆ, 1931ರಲ್ಲಿ ಅಕೋಲಾ. ತಮ್ಮ ಊರಿನ ಆಡಳಿತದ ಬಗ್ಗೆ ನಾಲ್ಕು ಮಾತಾಡಲು ಜನ ರೈಲು ಹತ್ತಿ ಪರಸೀಮೆಗೆ ಹೋಗಬೇಕಾಯಿತು. ಕಲಬುರಗಿ, ರಾಯಚೂರು, ಬೀದರ್ ಭಾಗದ ಕನ್ನಡಿಗರಿಗೆ ತೆರೆದಿದ್ದ ದಾರಿ ಭಾಷೆ, ಸಾಹಿತ್ಯದ್ದು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ರಾಜಕೀಯ ಭಾಷಣಕ್ಕೆ ಬಾಗಿಲು ಮುಚ್ಚಿದ್ದ ನೆಲದಲ್ಲಿ ಸಾವಿರಾರು ಜನ ಒಂದೆಡೆ ಕೂತು ತಮ್ಮ ನುಡಿಯಲ್ಲಿ ಮಾತು ಕೇಳುವುದೇ ದೊಡ್ಡ ಸಂಗತಿಯಾಗಿತ್ತು.

ಸಿಕಂದರಾಬಾದಿನ ಸ್ಥಿತಿ ಬೇರೆಯಿತ್ತು. 1806ರಲ್ಲಿ ನಿಜಾಮ ಸಿಕಂದರ್ ಜಾಹ್ ಹೆಸರು ಪಡೆದ ಈ ದಂಡಿನ ಊರು ಬಹುಕಾಲ ಬ್ರಿಟಿಷರ ಆಡಳಿತದಲ್ಲಿತ್ತು. ಎರಡು ಊರುಗಳ ನಡುವಿನ ಹುಸೇನ್ ಸಾಗರದ ಒಂದು ದಡದ ಹುಕುಂ ಇನ್ನೊಂದು ದಡದಲ್ಲಿ ನಡೆಯುತ್ತಿರಲಿಲ್ಲ. ಆ ದಂಡಿನ ಗುರುತು ಇಂದಿಗೂ ಅಳಿಸಿಲ್ಲ. ಊರಿನ ಅತಿ ದೊಡ್ಡ ಬಹಿರಂಗ ಸಭೆಗಳು ನಡೆಯುವ ಪರೇಡ್ ಮೈದಾನ ರಕ್ಷಣಾ ಇಲಾಖೆಯ ಅಧೀನದಲ್ಲಿರುವುದರಿಂದ ಪೊಲೀಸರ ಜೊತೆಗೆ ಸೇನೆಯ ಒಪ್ಪಿಗೆಯೂ ಬೇಕು.

ಸಂವಿಧಾನ ಬಂದ ಮೇಲೆ ಪ್ರಶ್ನೆಯ ಸ್ವರೂಪ ಬದಲಾಯಿತು. 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನೂ ನಿರಾಯುಧವಾಗಿ, ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಕೊಟ್ಟು, ಸಮಂಜಸ ನಿರ್ಬಂಧಗಳಿಗೆ ಅವಕಾಶ ಇಟ್ಟಿತು. ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1972ರಲ್ಲಿ ಈ ಗೆರೆಯನ್ನು ಸ್ಪಷ್ಟಪಡಿಸಿತು: ಸಾರ್ವಜನಿಕ ಬೀದಿಯ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಇಲ್ಲವಾಗಿಸುವಂತಿಲ್ಲ, ಕಾರಣ ಹೇಳದೆ ಬೇಕಾದವರಿಗೆ ಪರವಾನಗಿ ಕೊಟ್ಟು ಬೇಡದವರಿಗೆ ನಿರಾಕರಿಸುವ ಅಧಿಕಾರ ಪೊಲೀಸರಿಗಿಲ್ಲ. ಅದೇ ಕೋರ್ಟಿನ 1989ರ ರಂಗರಾಜನ್ ತೀರ್ಪು ಇನ್ನೂ ಮುಂದೆ ಹೋಯಿತು. ಕೆರಳಿದ ಗುಂಪನ್ನು ಎದುರಿಸಲು ತನ್ನಿಂದ ಆಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದಿತು. ಇಂಗ್ಲೆಂಡಿನ ನ್ಯಾಯಾಲಯ ಹೆಚ್ಚುಕಡಿಮೆ ಇದೇ ನಿಲುವನ್ನು 1882ರಲ್ಲೇ, ಸಾಲ್ವೇಶನ್ ಆರ್ಮಿಯ ಮೆರವಣಿಗೆಯ ಮೇಲೆ ಎದುರಾಳಿಗಳು ಬಿದ್ದ ಪ್ರಕರಣದಲ್ಲಿ, ತಳೆದಿತ್ತು. ಕಲ್ಲು ಹೊಡೆಯುವವರು ಬರುತ್ತಾರೆ ಎಂಬ ಕಾರಣಕ್ಕೆ ಮಾತಾಡುವವನು ಅಪರಾಧಿಯಾಗುವುದಿಲ್ಲ.

ಹೈದರಾಬಾದಿನಲ್ಲಿ ಈ ತತ್ವ ಎಷ್ಟು ದುರ್ಬಲವಾಗಿ ನಿಂತಿದೆ ಎಂಬುದು 2007ರ ಆಗಸ್ಟ್ 9ರಂದು ಕಂಡಿತು. ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನ್ ತಮ್ಮ ಕಾದಂಬರಿಯ ತೆಲುಗು ಅನುವಾದದ ಬಿಡುಗಡೆಗೆ ಪ್ರೆಸ್ ಕ್ಲಬ್ಬಿಗೆ ಬಂದಿದ್ದರು. ಮಜ್ಲಿಸ್ ಪಕ್ಷದ ಶಾಸಕರೇ ಮುಂದಾಗಿ ಒಳನುಗ್ಗಿದರು. ಪುಸ್ತಕ, ಹೂಗುಚ್ಛ, ಕೈಗೆ ಸಿಕ್ಕಿದ್ದನ್ನೆಲ್ಲ ಲೇಖಕಿಯತ್ತ ಎಸೆದರು. ಅವರ ರಕ್ಷಣೆಗೆ ಅಡ್ಡನಿಂತವರು ಅಲ್ಲಿದ್ದ ಪತ್ರಕರ್ತರು ಮತ್ತು ಸಂಘಟಕರು. ಶಾಸಕರ ಮೇಲೆ ಮೊಕದ್ದಮೆಯೇನೋ ದಾಖಲಾಯಿತು. ಆದರೆ ಕೋಮುದ್ವೇಷ ಕೆರಳಿಸಿದ ಆರೋಪದ ಮೇಲೆ ಏಟು ತಿಂದ ಲೇಖಕಿಯ ಮೇಲೂ ದಾಖಲಾಯಿತು! ಹೊಡೆದವರನ್ನೂ ಹೊಡೆಸಿಕೊಂಡವರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಮುಂದಿನ ಸಭೆಯ ಸಂಘಟಕರು ವಿವಾದಾಸ್ಪದ ಅತಿಥಿಯನ್ನು ಕರೆಯುವ ಮೊದಲು ಹತ್ತು ಸಲ ಯೋಚಿಸುತ್ತಾರೆ, ಸಭಾಂಗಣದವರು ಬಾಡಿಗೆಗೆ ಕೊಡುವ ಮೊದಲೇ ಠಾಣೆಯ ಪತ್ರ ಕೇಳುತ್ತಾರೆ.

ಸಭಾಂಗಣದ ಕಥೆ ಇದಾದರೆ, ಬಯಲಿನ ಕಥೆ ಇಂದಿರಾ ಪಾರ್ಕ್ ಬಳಿಯ ಧರ್ನಾ ಚೌಕದ್ದು. ತೆಲಂಗಾಣ ಚಳವಳಿಯ ದಿನಗಳಲ್ಲಿ ಘೋಷಣೆಗಳಿಂದ ತುಂಬಿರುತ್ತಿದ್ದ ಈ ಜಾಗದಲ್ಲಿ, ಅದೇ ಚಳವಳಿಯಿಂದ ಅಧಿಕಾರಕ್ಕೆ ಬಂದ ಸರ್ಕಾರ 2017ರಲ್ಲಿ ಧರಣಿಗಳನ್ನು ನಿಲ್ಲಿಸಿ ಊರ ಹೊರಗೆ ಜಾಗ ತೋರಿಸಿತು. ಸುತ್ತಲಿನ ನಿವಾಸಿಗಳ ತೊಂದರೆ ಸುಳ್ಳಲ್ಲ. ದಿನವಿಡೀ ಮೈಕಿನ ಸದ್ದು ಸಹಿಸುವುದು ಕಷ್ಟವೇ. ಆದರೆ ಸದ್ದಿಗೆ ಮಿತಿ ಹಾಕುವುದು ಒಂದು, ಆಳುವವರ ಕಿವಿಗೆ ಮಾತು ಬೀಳದಷ್ಟು ದೂರ ಜನರನ್ನು ಕಳಿಸುವುದು ಇನ್ನೊಂದು. 2018ರಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಚೌಕ ಮತ್ತೆ ತೆರೆಯಿತು. 2024ರ ಅಕ್ಟೋಬರಿನಲ್ಲಿ ಜೋಡಿನಗರಗಳಲ್ಲಿ ಒಂದು ತಿಂಗಳು ಸಭೆ, ಮೆರವಣಿಗೆಗಳನ್ನು ನಿಷೇಧಿಸಿದಾಗ ವಿನಾಯಿತಿ ಸಿಕ್ಕಿದ್ದು ಈ ಚೌಕಕ್ಕೆ. ಎರಡು ನಗರಗಳ ಜನರ ಹಕ್ಕು ಒಂದು ರಸ್ತೆಯ ತುಂಡಿಗೆ ಇಳಿದಿತ್ತು.

ಬೆಂಗಳೂರಿನ ಅನುಭವವೂ ಇದಕ್ಕೆ ದೂರದ್ದಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ಎದ್ದಾಗ 2019ರ ಡಿಸೆಂಬರ್ 18ರಂದು 144ನೇ ಸೆಕ್ಷನ್ ಅಡಿ ನಿಷೇಧಾಜ್ಞೆ ಹೊರಬಿತ್ತು; ಮರುದಿನ ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದರು. ಆ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ ತೀರ್ಪಿತ್ತದ್ದು 2020ರ ಫೆಬ್ರವರಿ 13ರಂದು. ಹಕ್ಕು ಗೆದ್ದಿತು, ಸಭೆಯ ದಿನ ಕಳೆದುಹೋಗಿತ್ತು.

ನಿಜವಾದ ಬಿಕ್ಕಟ್ಟಿರುವುದು ಈ ಸಮಯದ ಅಭಾವದಲ್ಲಿ. ಪರವಾನಗಿ ಅರ್ಜಿಯಲ್ಲಿ ಸ್ಥಳ, ಹೊತ್ತು, ಸೇರುವ ಜನರ ಅಂದಾಜು, ಮೈಕ್, ಮೆರವಣಿಗೆಯಿದ್ದರೆ ಅದರ ದಾರಿ ಎಲ್ಲವನ್ನೂ ಬರೆದುಕೊಟ್ಟರೂ ಉತ್ತರ ಸಭೆಯ ಹಿಂದಿನ ಸಂಜೆ ಬಂದರೆ ಕೋರ್ಟಿಗೆ ಹೋಗಲು ಹೊತ್ತಿರುವುದಿಲ್ಲ. ನಿರಾಕರಣೆ ಸಾಕಷ್ಟು ದಿನ ಮೊದಲೇ, ಬರಹದಲ್ಲಿ, ಕಾರಣ ಸಮೇತ ಕೈಸೇರಬೇಕು. ‘ಶಾಂತಿಭಂಗವಾಗುವ ಸಂಭವ’ ಎಂಬ ಸಿದ್ಧವಾಕ್ಯ ಸಾಲದು. ಭಂಗ ಮಾಡುವವರು ಯಾರು, ಅವರನ್ನು ತಡೆಯಲು ಏನು ಬಂದೋಬಸ್ತ್ ಯೋಚಿಸಲಾಯಿತು, ಅದು ಏಕೆ ಸಾಲಲಿಲ್ಲ ಎಂಬುದೂ ಆ ಕಾಗದದಲ್ಲಿರಬೇಕು.