ಅಳತೆ ತೆಗೆಯದ ರವಿಕೆ

ಬೆಂಗಳೂರಿನ ಶಿಕ್ಷಣ ತಂತ್ರಜ್ಞಾನ ಕಂಪನಿಯೊಂದರಲ್ಲಿರುವ ನನ್ನ ಮಗಳು ದೀಪಾವಳಿಗೆ ಬಂದವಳೇ, "ಅಮ್ಮಾ, ನಮ್ಮ ಸಿಬ್ಬಂದಿ ಬಳಸೋ ಸಾಫ್ಟ್‌ವೇರ್ ಪೂರ್ತಿ ಹೊಸದು ಮಾಡಿದ್ವಿ" ಎಂದಳು. ಪೋಷಕರ ಫೋನಿಗೆ ಉತ್ತರಿಸುವ ಹುಡುಗಿಯರಿಗಾಗಿಯಂತೆ.

"ಆ ಹುಡುಗಿಯರ ಪಕ್ಕ ಒಂದು ದಿನವಾದರೂ ಕೂತು ನೋಡಿದೆಯೇನೆ?"

ಅವಳು ಸುಮ್ಮನೆ ಚಕ್ಕುಲಿ ಮುರಿದಳು.

ನನ್ನ ಸಿಟ್ಟು ಮಗಳ ಮೇಲಲ್ಲ. ಮಕ್ಕಳು ನೋಡುವ ಪರದೆಗೆ ಬಣ್ಣ, ಚಿತ್ರ, ಹಾಡು ಎಲ್ಲಾ ಉಂಟು, ಅವರು ಗಿರಾಕಿಗಳಲ್ಲವೇ! ಸಂಬಳಕ್ಕೆ ದುಡಿಯುವವರು ಹೇಗಿದ್ದರೂ ಬಳಸಲೇಬೇಕು. ಅವರನ್ನು ಕೇಳುವವರು ಯಾರು?

ನಮ್ಮ ಗೋಳೂ ಇದೇ. ಯುಡೈಸ್ ಪ್ಲಸ್‌ಗೆ 2022-23ರಿಂದ ಶಾಲೆಯ ಒಟ್ಟು ಲೆಕ್ಕ ಸಾಲದು, ಒಂದೊಂದು ಮಗುವಿನ ವಿವರವೂ ಬೇಕು. ಬೇಡವೆನ್ನುವುದಿಲ್ಲ. ಆದರೆ ನಾನು ತುಂಬಬೇಕಾಗಿ ಬಂದ ಇನ್ನೊಂದು ತಂತ್ರಾಂಶ (ಯಾವುದೆಂದು ಹೇಳಲಾರೆ, ನಿವೃತ್ತಿ ಇನ್ನೂ ದೂರವಿದೆ) ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗದು. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಹೊತ್ತ ನಮ್ಮ ಮಕ್ಕಳಿಗೆ ನಾನೆಲ್ಲಿಂದ ಸರ್‌ನೇಮ್ ತರಲಿ, ನೀವೇ ಹೇಳಿ. ಚುಕ್ಕಿ ಇಟ್ಟೆ, ಒಪ್ಪಲಿಲ್ಲ. ಕೊನೆಗೆ ಇನಿಷಿಯಲ್ಲನ್ನೇ ಹಿಂದಕ್ಕೆ ತಳ್ಳಿದೆ. ಈಗ ದಾಖಲಾತಿ ಪುಸ್ತಕದಲ್ಲೊಂದು ಹೆಸರು, ಕಂಪ್ಯೂಟರಿನಲ್ಲೊಂದು. ನಾಳೆ ಟಿ.ಸಿ. ಹಿಡಿದು ಅಲೆಯುವವಳು ಆ ಮಗುವಿನ ತಾಯಿ.

ನಮ್ಮ ಹಳೆಯ ಹಾಜರಿ ಪುಸ್ತಕ ನೋಡಿ: ಎಡಕ್ಕೆ ಹೆಸರು, ಮೇಲೆ ತಾರೀಖು, ತಿಂಗಳ ಕೊನೆಗೆ ಮೊತ್ತ. ಅದಕ್ಕೆ ಯಾರೂ ತರಬೇತಿ ಕೊಡಲಿಲ್ಲ. ರವಿಕೆ ಹೊಲಿಯುವವಳೂ ಮೊದಲು ಅಳತೆ ತೆಗೆಯುತ್ತಾಳೆ. ಇವರು ಹೊಲಿದು ಕಳಿಸಿ, ಬಿಗಿಯಾದರೆ ನಿಮ್ಮ ತೋಳೇ ಸರಿಯಿಲ್ಲ ಎನ್ನುತ್ತಾರೆ.

ಬಸ್ಸು ಹತ್ತುವಾಗ ಮಗಳು, "ಆಯ್ತಮ್ಮ, ಒಂದು ದಿನ ಹೋಗಿ ಕೂತ್ಕೊಳ್ತೀನಿ" ಎಂದಳು.

"ಒಂದು ದಿನ ಸಾಲದು. ಪರೀಕ್ಷೆಯ ಫಲಿತಾಂಶ ಬಂದ ವಾರ ಪೂರ್ತಿ ಕೂತ್ಕೋ" ಎಂದೆ.