ಕಲೆ ಕೆಳಗಿನ ಮನೆಯಲ್ಲಿ, ಕಾರಣ ನಮ್ಮ ಮನೆಯಲ್ಲಿ

ಪೊಂಗಲ್ ಮುಗಿದ ಮರುವಾರ ಕೆಳಗಿನ ಮನೆಯ ಮಾಮಿ ನಮ್ಮ ಬಾಗಿಲು ತಟ್ಟಿದರು. ವೆಸ್ಟ್ ಮಾಂಬಲಂನ ಈ ಅಪಾರ್ಟ್‌ಮೆಂಟಿಗೆ ನಾವು ಬಂದು ಒಂಬತ್ತು ವರ್ಷವಾಯಿತು. ಹಬ್ಬಕ್ಕೆ ನಮ್ಮ ಎಳ್ಳುಬೆಲ್ಲ ಕೆಳಗೆ ಹೋಗುತ್ತದೆ, ಅವರ ಸಕ್ಕರೆ ಪೊಂಗಲ್ ಮೇಲೆ ಬರುತ್ತದೆ. ಆವತ್ತು ಮಾತ್ರ ಅವರ ಕೈಯಲ್ಲಿ ಡಬ್ಬಿ ಇರಲಿಲ್ಲ, ಮುಖದಲ್ಲಿ ನಗುವೂ ಇರಲಿಲ್ಲ. ನಮ್ಮ ಅಡುಗೆಮನೆಯ ನೀರು ಅವರ ಒಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ನವೆಂಬರಿನಲ್ಲೇ ಅವರು ಸೀಲಿಂಗ್‌ನ ತೇವ ತೋರಿಸಿದ್ದರು. "ಮಳೆ ಅಲ್ವಾ ಮಾಮಿ, ಬಿಸಿಲು ಬಂದ್ರೆ ಒಣಗುತ್ತೆ" ಎಂದು ಸಾಗಹಾಕಿದ್ದು ನಾನೇ. ಮಳೆ ನಿಂತು ಮೂರು ವಾರವಾದರೂ ಕಲೆ ಒಣಗಿರಲಿಲ್ಲ, ತಟ್ಟೆಯಷ್ಟಿದ್ದದ್ದು ಮೊರದಷ್ಟಾಗಿತ್ತು. ತಲೆ ತಗ್ಗಿಸಬೇಕಾಯಿತು.

ಪ್ಲಂಬರ್ ಬಂದರು, ನೋಡಿದರು, ಗ್ರಾನೈಟ್ ತೆಗೆದು ನೆಲ ಒಡೆಯಬೇಕು ಎಂದರು. ಎರಡು ದಿನ ಟೈಮ್ ಕೊಡಿ ಅಣ್ಣ ಎಂದು ಕಳಿಸಿದೆವು. ಒಡೆಯುವುದು ಯಾವಾಗ ಬೇಕಾದರೂ ಆಗುತ್ತದೆ, ಮೊದಲು ಹುಡುಕೋಣ ಎಂಬುದು ನಮ್ಮವರ ವಾದ. ಮಾಮಿಗೆ ಒಂದೇ ಮಾತು ಹೇಳಿದೆವು: ಆ ಸೀಲಿಂಗ್‌ನ ಲೈಟ್ ಮಾತ್ರ ಹಾಕಬೇಡಿ.

ಸೋರುತ್ತಿರುವುದು ನಲ್ಲಿಗೆ ಬರುವ ನೀರೋ, ಸಿಂಕಿನಿಂದ ಹೋಗುವ ನೀರೋ? ಮೊದಲು ಇದು ತಿಳಿಯಬೇಕು. ಹೋಗುವ ನೀರು ನಾವು ಪಾತ್ರೆ ತೊಳೆದಾಗ ಮಾತ್ರ ಸೋರುತ್ತದೆ. ಬರುವ ನೀರು ಮನೆಗೆ ಬೀಗ ಹಾಕಿದ್ದರೂ ಸೋರುತ್ತದೆ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ನೀರು ತುಂಬಿಸಿ, ಕೇಸರಿಬಾತಿಗೆ ಹಾಕುವ ಬಣ್ಣ ಕದಡಿ ಒಮ್ಮೆಲೇ ಬಿಟ್ಟೆವು. ಕೆಳಗೆ ಮಾಮಿ ಟಾರ್ಚ್ ಹಿಡಿದು ಕಾದರು. ಮರುದಿನದವರೆಗೂ ಬಣ್ಣ ಇಳಿಯಲಿಲ್ಲ. ಆ ರಾತ್ರಿ ಅಡುಗೆಮನೆಯ ವಾಲ್ವ್ ಮುಚ್ಚಿ ಮಲಗಿದೆವು. ಬೆಳಿಗ್ಗೆ ಹೊತ್ತಿಗೆ ಕೆಳಗೆ ಹನಿ ತೀರಾ ನಿಧಾನವಾಗಿತ್ತು. ಹಾಗಾದರೆ ಸೋರುತ್ತಿರುವುದು ಬರುವ ನೀರೇ.

ಸಿಂಕಿನ ಕೆಳಗಿನ ಕಪಾಟು ಪೂರ್ತಿ ಖಾಲಿ ಮಾಡಿ, ಪ್ರತಿ ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ, ತಳದಲ್ಲಿ ಪೇಪರ್ ಹಾಸಿ, ವಾಲ್ವ್ ತೆರೆದೆವು. ಒಂದು ಗಂಟೆ ಬಿಟ್ಟು ನೋಡಿದರೆ ನಲ್ಲಿಯ ಕೆಳಗೆಲ್ಲ ಪೇಪರ್ ಒಣಗಿಯೇ ಇದೆ, ನಾಲ್ಕಡಿ ದೂರದ ಎಡಮೂಲೆ ಮಾತ್ರ ಒದ್ದೆ! ಅಲ್ಲಿ ಜೋಡಣೆಯೇ ಇಲ್ಲ.

ದಾರಿ ತೋರಿಸಿದ್ದು ನಾವು ದಿನಾ ಶಪಿಸುವ ಬೋರ್‌ವೆಲ್ಲಿನ ಗಡಸು ನೀರು. ಅದು ಹರಿದು ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಗೆರೆ ಬಿಡುತ್ತದೆ. ಟಾರ್ಚ್ ಹಿಡಿದು ಆ ಗೆರೆಯನ್ನು ಹಿಂಬಾಲಿಸಿದರೆ, ಅದು ನೀರು ಶುದ್ಧಮಾಡುವ ಯಂತ್ರದ ಸಣ್ಣ ಪೈಪಿನ ಅಡಿಭಾಗವನ್ನು ಹಿಡಿದು ಸೀದಾ ಆಂಗಲ್ ವಾಲ್ವ್ ಹತ್ತಿರ ಹೋಯಿತು. ಯಂತ್ರಕ್ಕೆ ನೀರು ಕವಲೊಡೆಸಲು ಅಲ್ಲಿ ಮೂರು ಬಾಯಿಯ ತುಣುಕೊಂದಿದೆ. ಅದರ ಬುಡದಲ್ಲಿ ಹುಟ್ಟಿದ ಹನಿ, ಪೈಪಿಗೆ ಅಂಟಿಕೊಂಡೇ ಜಾರಿ, ಮೂಲೆಯಲ್ಲಿ ಪೈಪ್ ತಿರುಗುವ ಕಡೆ ಕೆಳಗೆ ಬೀಳುತ್ತಿತ್ತು.

ಅದೇ ಪ್ಲಂಬರ್ ಅಣ್ಣ ಬಂದು ನೋಡಿ ನಕ್ಕರು. ವಾಷರ್ ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಹೊಸ ವಾಷರ್ ಹಾಕಿ, ಮರೆಯ ಉಪ್ಪು ಉಜ್ಜಿ ತೆಗೆದು, ತಿರುಗಿಸುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪ್ ಸುತ್ತಿ ಬಿಗಿದರು. ಹದಿನೈದು ನಿಮಿಷದ ಕೆಲಸ. ಆಮೇಲೂ ಎರಡು ದಿನ ಪೇಪರ್ ಹಾಸಿಯೇ ಇಟ್ಟೆವು, ಒದ್ದೆಯಾಗಲಿಲ್ಲ.

ಬಿಗಿಯುವ ಮೊದಲು ಕುತೂಹಲಕ್ಕೆ 250 ಮಿಲಿಲೀಟರ್ ಲೋಟವೊಂದನ್ನು ಹನಿಯ ಕೆಳಗಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ತುಂಬಿತು. ಅಂದರೆ ದಿನಕ್ಕೆ 12 ಲೀಟರ್, ತಿಂಗಳಿಗೆ 360. ಹೀಗೇ ಮೂರು ವರ್ಷ ಬಿಟ್ಟಿದ್ದರೆ 12,000 ಲೀಟರಿನ ಒಂದು ಟ್ಯಾಂಕರ್ ಲಾರಿಗಿಂತ ಹೆಚ್ಚು.

2019ರ ಬೇಸಿಗೆಯಲ್ಲಿ ಇಲ್ಲಿದ್ದವರಿಗೆ ಈ ಲೆಕ್ಕ ಹಗುರವಲ್ಲ. ಊರಿಗೆ ನೀರುಣಿಸುವ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿದ್ದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲು 25 ಲಕ್ಷ ಲೀಟರ್ ನೀರು ಹೊತ್ತು ತಂದಿತ್ತು. ಲಾರಿಯ ಮುಂದೆ ಮಾಮಿ ಮತ್ತು ನಾನು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಸಾಲಿಟ್ಟು ನಿಂತಿದ್ದೇ ನಮ್ಮ ಮೊದಲ ಪರಿಚಯ. ಇನ್ನೊಂದು ಮಾತು ನಮ್ಮವರಿಗೆ ಗೊತ್ತಿರಲಿ: ಚೆನ್ನೈನ ಕುಡಿಯುವ ನೀರಿಗೆಂದು 1976ರ ಒಪ್ಪಂದದಲ್ಲಿ ಮಹಾರಾಷ್ಟ್ರ, ಆಂಧ್ರಗಳಂತೆ ಕರ್ನಾಟಕವೂ ತನ್ನ ಕೃಷ್ಣೆಯ ಪಾಲಿನಿಂದ 5 ಟಿಎಂಸಿ ಬಿಟ್ಟುಕೊಟ್ಟಿದೆ. ಊರಿನ ನದಿಯೂ ನಮ್ಮ ಹಾಗೇ ವಲಸೆ ಬಂದಿದೆ.

ಮಾಮಿಯ ಸೀಲಿಂಗ್ ಇನ್ನೂ ಒಣಗುತ್ತಿದೆ. ಪೂರ್ತಿ ಒಣಗದೆ ಬಣ್ಣ ಬಳಿದರೆ ಎದ್ದುಬರುತ್ತದಂತೆ, ಮುಂದಿನ ತಿಂಗಳು ಬಳಿಸಿಕೊಡುತ್ತೇವೆ. ನವೆಂಬರಿನಲ್ಲಿ ಮಳೆಯ ಮೇಲೆ ಹಾಕಿ ಕೈತೊಳೆದುಕೊಂಡದ್ದಕ್ಕೆ ಕ್ಷಮೆಯನ್ನೂ ಕೇಳಿದ್ದೇನೆ. "ಪರವಾಇಲ್ಲೆ ಮಾ" ಎಂದರು.

ಅಂದಹಾಗೆ, ನಿಮ್ಮ ಸಿಂಕಿನ ಕೆಳಗಿನ ಕಪಾಟು ಕೊನೆಯ ಸಲ ಖಾಲಿ ಮಾಡಿದ್ದು ಯಾವಾಗ? ಈ ರಾತ್ರಿ ಒಂದು ಹಳೇ ಪೇಪರ್ ಹಾಸಿ ಮಲಗಿ.