ಪಾರಿವಾಳವಾದ ಶಕುನಿ, ಹುಡುಗಿಯಾದ ಅರ್ಜುನ

ಮಹಾಭಾರತವನ್ನು ಮಕ್ಕಳ ಸಾಹಸಕಥೆಯಾಗಿ ತಿರುಗಿಸಿ ಹೇಳುವುದು ಸರಿಯೇ ಎಂಬ ಪ್ರಶ್ನೆ ರೋಶನಿ ಚೋಕ್ಷಿಯವರ ‘ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಓದಿದ ಹಿರಿಯರಲ್ಲಿ ಏಳುವುದು ಸಹಜ. ಸರಿ ಮಾತ್ರವಲ್ಲ, ಅಗತ್ಯವೂ ಹೌದು ಎಂಬುದು ನನ್ನ ಅಭಿಪ್ರಾಯ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಕೃತಿಯಿಂದ ಆರಂಭವಾದ ಮಾಲೆ 2022ರಲ್ಲಿ ಐದನೆಯ ಸಂಪುಟದೊಂದಿಗೆ ಮುಗಿದಿದೆ. ಲೇಖಕಿಯ ತಂದೆ ಭಾರತೀಯರು, ತಾಯಿ ಫಿಲಿಪಿನೊ. ಎರಡು ಪರಂಪರೆಗಳ ನಡುವೆ ಬೆಳೆದ ಮನಸ್ಸಿನ ಮುದ್ರೆ ಕಥೆಯುದ್ದಕ್ಕೂ ಇದೆ.

ಅರು ಹನ್ನೆರಡರ ಹುಡುಗಿ. ಅಟ್ಲಾಂಟಾ ನಗರದ ಭಾರತೀಯ ಕಲಾ ಸಂಗ್ರಹಾಲಯವೊಂದರಲ್ಲಿ ತಾಯಿಯೊಡನೆ ಅವಳ ವಾಸ. ಸಹಪಾಠಿಗಳ ನಡುವೆ ತನಗೂ ಒಂದು ಸ್ಥಾನ ಬೇಕೆಂದು ಸುಳ್ಳು ಹೇಳುವ ಅಭ್ಯಾಸ ಅವಳಿಗಿದೆ. ಅವರ ಸವಾಲಿಗೆ ಸಿಕ್ಕಿ, ಹಚ್ಚಬಾರದ ದೀಪವೊಂದನ್ನು ಹಚ್ಚುತ್ತಾಳೆ. ದುಷ್ಟಶಕ್ತಿಯೊಂದು ಬಂಧಮುಕ್ತವಾಗುತ್ತದೆ, ತಾಯಿ ನಿಂತಲ್ಲಿಯೇ ನಿಶ್ಚಲಳಾಗುತ್ತಾಳೆ. ಆಗ ತಿಳಿಯುವ ಸಂಗತಿಯೆಂದರೆ, ಅರು ಅರ್ಜುನನ ಆತ್ಮವನ್ನು ಹೊತ್ತವಳು, ಇಂದ್ರನ ಮಗಳು. ಅವಳ ಜೊತೆಗಾತಿ ಮಿನಿ ಯಮಧರ್ಮನ ಮಗಳು, ಯುಧಿಷ್ಠಿರನ ಅಂಶ. ಆದರೆ ಕಂಡದ್ದಕ್ಕೆಲ್ಲ ಅಂಜುವ ಸ್ವಭಾವದವಳು. ಇವರಿಗೆ ದಾರಿ ತೋರುವ ಪಾರಿವಾಳ ಬೇರಾರೂ ಅಲ್ಲ, ಪೂರ್ವಪಾಪಕ್ಕೆ ಪ್ರಾಯಶ್ಚಿತ್ತವಾಗಿ ಪಾಂಡವರ ಸೇವೆಗೆ ನಿಂತ ಶಕುನಿ! ಈ ಒಂದು ಕಲ್ಪನೆಗಾಗಿಯೇ ಲೇಖಕಿಯನ್ನು ಅಭಿನಂದಿಸಬೇಕು. ಕೆಟ್ಟವನು ಎಂದೆಂದಿಗೂ ಕೆಟ್ಟವನಾಗಿಯೇ ಉಳಿಯಬೇಕಾಗಿಲ್ಲ ಎಂಬ ಕರ್ಮತತ್ತ್ವದ ಆಶಾದಾಯಕ ಮುಖವನ್ನು ಉಪದೇಶದ ಸೋಂಕಿಲ್ಲದೆ ಎಳೆಯರಿಗೆ ಮುಟ್ಟಿಸುವುದು ಸುಲಭವಲ್ಲ.

ಪಾಂಡವರನ್ನು ಹುಡುಗಿಯರನ್ನಾಗಿಸಿದ್ದು ಅಪಚಾರವೆನ್ನುವವರು ವಿರಾಟಪರ್ವವನ್ನು ನೆನೆಯಬೇಕು. ಒಂದು ವರ್ಷ ಬೃಹನ್ನಳೆಯಾಗಿ ಅಂತಃಪುರದಲ್ಲಿ ನಾಟ್ಯ ಕಲಿಸಿದವನು ಇದೇ ಅರ್ಜುನ. ಮೂಲವನ್ನು ಬದಲಾಯಿಸಿದ್ದು ತಪ್ಪೆನ್ನುವುದಾದರೆ ಮೊದಲ ಅಪರಾಧಿ ನಮ್ಮ ಆದಿಕವಿಯೇ ಆಗುತ್ತಾನೆ. ಪಂಪನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿ, ಕೊನೆಗೆ ಅವನಿಗೇ ಪಟ್ಟ ಕಟ್ಟಿದ. ಕುಮಾರವ್ಯಾಸ ಹತ್ತು ಪರ್ವಗಳಿಗೇ ಕಥೆಯನ್ನು ನಿಲ್ಲಿಸಿ ಅದನ್ನು ಕೃಷ್ಣಕಥೆಯಾಗಿಸಿದ. ಭೈರಪ್ಪನವರು 1979ರ ‘ಪರ್ವ’ದಲ್ಲಿ ದೇವತೆಗಳನ್ನು ಮನುಷ್ಯರ ಮಟ್ಟಕ್ಕೆ ಇಳಿಸಿದರು. ಪ್ರತಿ ಯುಗವೂ ತನ್ನ ಸಂಕಟಗಳಿಗೆ ತಕ್ಕಂತೆ ಭಾರತವನ್ನು ಮತ್ತೆ ಹೇಳಿಕೊಂಡಿದೆ. ಹೀಗಿರುವಾಗ ಪರದೇಶದಲ್ಲಿ ಬೆಳೆಯುವ ಮಗುವಿನ ಸಂಕಟಕ್ಕೆ ಮಾತ್ರ ಅದರಲ್ಲಿ ಎಡೆಯಿಲ್ಲವೆನ್ನುವುದು ನ್ಯಾಯವೆ?

ನನ್ನನ್ನು ಬಹುವಾಗಿ ತಟ್ಟಿದ್ದು ಮಯಸಭೆಯ ಪ್ರಸಂಗ. ಯಮಲೋಕದಲ್ಲಿ ಈ ಹುಡುಗಿಯರು ಪಾಂಡವರ ಹಳೆಯ ಅರಮನೆಯನ್ನು ಹೊಗುತ್ತಾರೆ. ಆ ಅರಮನೆಗೆ ಮಾತು ಬರುತ್ತದೆ. ತನ್ನವರು ತನ್ನನ್ನು ತೊರೆದುಹೋದರೆಂಬುದು ಅದರ ಕೊರಗು. ನಾವು ಹೊರನಾಡ ಕನ್ನಡಿಗರು ಊರ ಮನೆಯನ್ನು ನೆನೆದು ಮರುಗುತ್ತೇವೆ. ಆ ಮನೆಯೂ ನಮ್ಮನ್ನು ನೆನೆಯುತ್ತಿರಬಹುದೆಂದು ಎಷ್ಟು ಮಂದಿ ಯೋಚಿಸಿದ್ದೇವೆ? ಕೇಂದ್ರ ಸರ್ಕಾರದ ಸೇವೆಯಲ್ಲಿ ಊರೂರು ಅಲೆದ ನನ್ನಂಥವನಿಗೆ ಈ ಪುಟಗಳು ಕೇವಲ ಮಕ್ಕಳಿಗಾಗಿ ಬರೆದವೆಂದು ತೋರಲಿಲ್ಲ.

ಕೊರತೆಗಳಿಲ್ಲವೆಂದಲ್ಲ. ಹಾಸ್ಯ ಕೆಲವೆಡೆ ಅತಿಯಾಗುತ್ತದೆ. ಅಮೆರಿಕದ ನಿತ್ಯಜೀವನದ ಉಲ್ಲೇಖಗಳು ನಮ್ಮ ಓದುಗರಿಗೆ ತೊಡಕಾಗುತ್ತವೆ. ವೇಗದ ಓಟದಲ್ಲಿ ಧರ್ಮಸಂಕಟಗಳ ಆಳಕ್ಕೆ ಇಳಿಯಲು ಅವಕಾಶ ಕಡಿಮೆ. ಆದರೆ ಇಂಥ ಪುಸ್ತಕದ ಕೆಲಸ ಬಾಗಿಲು ತೆರೆಯುವುದು. ಒಳಗೆ ಕರೆದೊಯ್ಯುವ ಹೊಣೆ ಹಿರಿಯರದು.

ನಮ್ಮ ಮುಂದಿರುವ ನಿಜವಾದ ಸಮಸ್ಯೆ ಇಲ್ಲಿದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ನಮ್ಮ ಮನೆಗಳ ಅನೇಕ ಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು. ‘ಚಂದಮಾಮ’ ನಿಂತುಹೋಗಿದೆ. ಪುಟ್ಟ ಮಕ್ಕಳ ಚಿತ್ರಕಥೆಗೂ ‘ಪರ್ವ’ಕ್ಕೂ ನಡುವಣ ವಯಸ್ಸಿನವರ ಕೈಗಿಡಲು ನಮ್ಮಲ್ಲಿ ಏನಿದೆ? ಆ ತೆರವನ್ನು ಸದ್ಯಕ್ಕೆ ಇಂಗ್ಲಿಷ್ ತುಂಬುತ್ತಿದೆ. ಅದಕ್ಕಾಗಿ ಇಂಗ್ಲಿಷನ್ನು ಹಳಿದು ಪ್ರಯೋಜನವಿಲ್ಲ. ಅರುವಿನ ಕಥೆ ಓದಿದ ಮಗು ‘ಶಕುನಿ ಯಾರು?’ ಎಂದು ಅಜ್ಜಿಯನ್ನು ಕೇಳಿದಾಗ ಅದಕ್ಕೆ ಕನ್ನಡದಲ್ಲಿ ಉತ್ತರ ದೊರೆಯಬೇಕು. ಸಂಘದ ಸಭಾಂಗಣದಲ್ಲಿ ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಕೂಡಿಸಿ ಗದುಗಿನ ಭಾರತದ ಒಂದು ಪ್ರಸಂಗವನ್ನು ವಾಚಿಸಿ, ಆಡುಮಾತಿನಲ್ಲಿ ಅರ್ಥ ಹೇಳುವ ವ್ಯವಸ್ಥೆಯಾಗಲಿ. ವಾರ್ಷಿಕೋತ್ಸವದ ಮನರಂಜನೆಗೆ ಮಾಡುವ ವೆಚ್ಚದ ಸಣ್ಣ ಪಾಲು ಇದಕ್ಕೆ ಸಾಕು. ನಮ್ಮ ಲೇಖಕರಲ್ಲಿ ಯಾರಾದರೂ ಧಾರಾವಿಯಲ್ಲೋ ಕರೋಲ್‌ಬಾಗಿನಲ್ಲೋ ಬೆಳೆಯುವ ಕನ್ನಡದ ಹುಡುಗಿಯೊಬ್ಬಳನ್ನು ಕುರಿತು ಇಂಥದೊಂದು ಕಥೆ ಬರೆಯಲಿ. ಅಲ್ಲಿಯವರೆಗೆ, ಮಕ್ಕಳ ಕೈಯಲ್ಲಿರುವ ಈ ಪುಸ್ತಕವನ್ನು ಕಿತ್ತುಕೊಳ್ಳದೆ, ಪಕ್ಕದಲ್ಲಿ ಕುಳಿತು ನಾವೂ ಓದೋಣ.